ಒಂಬತ್ತಾಗದ ಸಂಖ್ಯೆ

ಅಧ್ಯಾಯ ಏಳು

"ಒಂಬತ್ತು!" ಎಂದು ವಿಶ್ವನಾಥ್ ಪೆನ್ನಿನ ತುದಿಯಿಂದ ಕಂಪ್ಯೂಟರ್ ಪರದೆಗೆ ಕುಟ್ಟಿದ. "ನೋಡಿ, ಇಲ್ಲೂ ಒಂಬತ್ತು. ಈಗಲಾದ್ರೂ ನಂಬ್ತೀರಾ ಮೇಡಂ?"

ರುದ್ರಮ್ಮ ನಂಬಲಿಲ್ಲ. ಆದರೆ ಕಾಫಿ ಚೆನ್ನಾಗಿತ್ತು. ಇನ್ನೊಂದು ಗುಟುಕು ಕುಡಿದು, "ಹೇಳ್ತಾ ಹೋಗಿ" ಎಂದರು.

ಬ್ರೂಕ್‌ಫೀಲ್ಡಿನ ಆ ಆರನೇ ಮಹಡಿಯ ಫ್ಲ್ಯಾಟಿನಲ್ಲಿ ಬೆಳಗಿನ ಹೊತ್ತಿನಲ್ಲೂ ಕಿಟಕಿಯ ಪರದೆ ಎಳೆದಿತ್ತು. ಗೋಡೆಗೆ ತೂಗುಹಾಕಿದ ಬಿಳಿ ಬೋರ್ಡಿನ ತುಂಬ ಕೂಡುವ ಲೆಕ್ಕ, ಒಂದನೇ ತರಗತಿ ಮಗುವಿನ ಪಾಟಿಯ ಹಾಗೆ. ಕಂಪ್ಯೂಟರಿನಲ್ಲಿ, ಕಬ್ಬಿಣಕ್ಕೆ ಬಣ್ಣದ ಪುಡಿ ಹಚ್ಚುವ ಪೀಣ್ಯದ ಪೌಡರ್ ಕೋಟಿಂಗ್ ಶೆಡ್ಡು ಕರಕಲಾಗಿ ನಿಂತಿತ್ತು.

ಆಯುಧಪೂಜೆಯ ದಿನ ಆ ಶೆಡ್ಡಿನ ಮುಂಬಾಗಿಲ ಕಡೆ ಬೆಂಕಿ ಬಿದ್ದು, ಹಿಂಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿದ್ದರಿಂದ ಐವರು ಒಳಗೇ ಸತ್ತು ಇಂದಿಗೆ ಆರು ದಿನ. ಬೀಗ ಹಾಕಿದವನು ಅಲ್ಲೇ ಕೆಲಸಕ್ಕಿದ್ದ ಬಸಲಿಂಗ ಎಂದು ನಿನ್ನೆ ಸಂಜೆ ಐದಕ್ಕೆ ಪೊಲೀಸರು ಅವನನ್ನು ಬಂಧಿಸಿದ್ದರು. ಇಂದು ಐದರೊಳಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಒಮ್ಮೆ ಕೊಲೆ ಆರೋಪ ಹೊತ್ತು ಜೈಲಿನ ಒಳಗೆ ಹೋದರೆ, ಸಿಂದಗಿ ಕಡೆಯಿಂದ ಬಂದು ಬಾಡಿಗೆ ಕೋಣೆಯಲ್ಲಿರುವ ಆ ಹುಡುಗನನ್ನು ಹೊರಗೆ ತರುವವರು ಯಾರೂ ಇರಲಿಲ್ಲ.

ರುದ್ರಮ್ಮನವರು ಬೆರಳಚ್ಚು ವಿಭಾಗದಲ್ಲಿ ಮೂವತ್ತಮೂರು ವರ್ಷ ಭೂತಗನ್ನಡಿ ಹಿಡಿದು ಕೂತು ನಿವೃತ್ತರಾದವರು. ಅವರ ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸುವ ಚನ್ನಕ್ಕ ನಿನ್ನೆ ರಾತ್ರಿ ತನ್ನ ತಂಗಿಯ ಮಗಳನ್ನು ಕರೆತಂದು ಬಾಗಿಲಲ್ಲಿ ನಿಲ್ಲಿಸಿದ್ದಳು. ಬಸಲಿಂಗನ ಹೆಂಡತಿ ಮಹಾದೇವಿ. ಇಪ್ಪತ್ತಮೂರು ವರ್ಷ ಇರಬಹುದು. ಅಳಲಿಲ್ಲ, ಕೂರು ಅಂದರೂ ಕೂರಲಿಲ್ಲ. "ನಮ್ಮ ಮನಿ ಬಾಗಲಕ್ಕ ಇದ್ದಲಿಲೇ ಒಂಬತ್ತು ಅಂತ ಬರದು ಹೋಗ್ಯಾರ್ರಿ ಅಕ್ಕಾರ. ಯಾಕಂತ ನನಗ ತಿಳಿವಲ್ದು" ಎಂದಿದ್ದಳು.

ಯಾಕೆಂದು ರುದ್ರಮ್ಮನವರಿಗೆ ತಿಳಿದಿತ್ತು. ಆ ಒಂಬತ್ತನ್ನು ಹುಟ್ಟಿಸಿದ ಪುಣ್ಯಾತ್ಮ ತಮ್ಮ ಮನೆಯಿಂದ ಮೂರು ಬೀದಿ ಆಚೆ ಇದ್ದಾನೆಂದು ತಿಳಿದಾಗ ಅವರಿಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಹೋಗಿ ಬೆಲ್ ಒತ್ತಿದ್ದರು.

ವಿಶ್ವನಾಥ್ ಹಗಲು ಸಾಫ್ಟ್‌ವೇರ್ ಕಂಪನಿಯ ಕೆಲಸ ಮಾಡುವವನು. ಉಳಿದ ಹೊತ್ತಿನಲ್ಲಿ 'ಕಾಕತಾಳೀಯ ಅಲ್ಲ' ಎಂಬ ಚಾನೆಲ್ ನಡೆಸುವವನು. ಎಲ್ಲಿ ಲಿಫ್ಟ್ ಬಿದ್ದರೂ, ಎಲ್ಲಿ ಗೋಡೆ ಕುಸಿದರೂ ಅದರ ಹಿಂದೆ ಯಾರದೋ ಕೈ, ಯಾವುದೋ ಗುಟ್ಟು ಇದೆಯೆಂದು ಅಂಕಿ ಕೂಡಿ ತೋರಿಸುವುದು ಅವನ ಚಟ. ಪೀಣ್ಯದ ಬೆಂಕಿಯ ವಿಡಿಯೋದಲ್ಲಿ ಇಪ್ಪತ್ತೊಂದು ಕಾಕತಾಳೀಯಗಳಿದ್ದವು. ಎಂಟು ಲಕ್ಷ ಜನ ನೋಡಿದ್ದರು.

"ಬೆಂಕಿ ಬಿದ್ದಿದ್ದು ನವರಾತ್ರಿಯ ಒಂಬತ್ತನೇ ದಿನ" ಎಂದ ಅವನು. "ಟೈಮು ಒಂದು ಇಪ್ಪತ್ತಾರು. ಒಂದು, ಎರಡು, ಆರು ಕೂಡಿ. ಬಸಲಿಂಗ ಗೇಟ್ ದಾಟಿದ್ದು ಒಂದು ಹದಿನೇಳಕ್ಕೆ, ಕ್ಯಾಮೆರಾದಲ್ಲಿದೆ. ಅದನ್ನೂ ಕೂಡಿ. ಅವನು ಹೊರಟಿದ್ದಕ್ಕೂ ಬೆಂಕಿಗೂ ಮಧ್ಯೆ ಎಷ್ಟು ನಿಮಿಷ?"

"ಒಂಬತ್ತು."

"ಶೆಡ್ ನಂಬರ್ ಇನ್ನೂರ ಮೂವತ್ತನಾಲ್ಕು!"

"ಅದೂ ಒಂಬತ್ತೇ. ಸತ್ತೋರು ಮಾತ್ರ ಐದು ಜನ. ಅದ್ಯಾಕೆ ಒಂಬತ್ತಾಗ್ಲಿಲ್ಲ?"

"ಆಸ್ಪತ್ರೇಲಿ ನಾಲ್ಕು ಜನ ಇದಾರಲ್ಲ ಮೇಡಂ" ಎಂದ ವಿಶ್ವನಾಥ್, ಗೆದ್ದವನ ಹಾಗೆ. "ಐದೂ ನಾಲ್ಕೂ ಒಂಬತ್ತು."

ರುದ್ರಮ್ಮ ಲೋಟ ಕೆಳಗಿಟ್ಟರು. ಸುಟ್ಟ ಮೈಯಲ್ಲಿ ನರಳುತ್ತಿರುವ ನಾಲ್ವರನ್ನೂ ಅವನು ಕೂಡುವ ಲೆಕ್ಕಕ್ಕೆ ಸೇರಿಸಿದ್ದ.

"ಈ ಅಪಾರ್ಟ್‌ಮೆಂಟ್ ಗೇಟಲ್ಲಿ ನನ್ನ ಹೆಸರು ಬರೆಸ್ಕೊಂಡ್ರು" ಎಂದರು ನಿಧಾನವಾಗಿ. "ಫ್ಲ್ಯಾಟ್ ನಂಬರ್ ಆರುನೂರ ಮೂರು. ಕೂಡಿ ವಿಶ್ವನಾಥ್."

ಅವನು ಕೂಡಲಿಲ್ಲ.

"ಅದರ ಪಕ್ಕದಲ್ಲೇ ನಿಮ್ಮ ಕಾರ್ ನಂಬರೂ ಇತ್ತು. ಐದು, ಎರಡು, ಒಂದು, ಒಂದು. ಕೂಡಿ. ನಾನು ಬೆಲ್ ಮಾಡಿದ್ದು ಒಂಬತ್ತು ಗಂಟೆಗೆ. ಆಯುಧಪೂಜೆ ದಿನ ಕಾರಿನ ಚಕ್ರಕ್ಕೆ ಎಷ್ಟು ನಿಂಬೆಹಣ್ಣು ಇಟ್ರಿ?"

"ನಾಲ್ಕು... ಎಲ್ರೂ ಇಡ್ತಾರಲ್ಲ ಮೇಡಂ."

"ನಾಲ್ಕು ನಿಂಬೆಹಣ್ಣು, ಸತ್ತೋರು ಐದು. ನಿಮ್ಮನ್ನೂ ಒಳಗೆ ಹಾಕ್ಸೋಣ್ವಾ?"

ವಿಶ್ವನಾಥನ ಮುಖ ಹುಳ್ಳಗಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಶೀತಲ್ ನಗುವನ್ನು ಟೀ ಶರ್ಟಿನ ತೋಳಿನಲ್ಲಿ ಮುಚ್ಚಿಕೊಂಡಳು.

"ನಿಮಗೆ ತಮಾಷೆ" ಎಂದ ಅವನು, ದನಿ ಸಣ್ಣದಾಗಿತ್ತು. "ನನ್ನ ತಮ್ಮ ವರ್ತೂರು ರೋಡಲ್ಲಿ ಬೈಕಿಂದ ಬಿದ್ದು ಹೋದ ಮೇಡಂ. ಗುಂಡಿ. ಬರೀ ಒಂದು ಗುಂಡಿ. ನಮ್ಮಮ್ಮ ಹೊಸದುರ್ಗದಿಂದ ಬಂದವಳು ಯಾಕೆ ಸತ್ತ, ಯಾಕೆ ಸತ್ತ ಅಂತ ಕೇಳ್ತಾನೇ ಇದ್ಲು. ನೀರು ತುಂಬಿತ್ತು, ಗುಂಡಿ ಕಾಣ್ಲಿಲ್ಲ ಅಂತ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ. ಅಷ್ಟಕ್ಕೇ ಒಬ್ಬ ಮನುಷ್ಯ ಹೋಗ್ಬಿಡೋದಾ?"

ರುದ್ರಮ್ಮನವರ ಸಿಟ್ಟು ಅರ್ಧ ಇಳಿಯಿತು. ಪೂರ್ತಿ ಇಳಿಯಲು ಅವರು ಬಿಡಲಿಲ್ಲ.

"ಅದಕ್ಕೆ ಇನ್ನೊಬ್ಬರ ಮನೆ ಬಾಗಿಲ ಮೇಲೆ ಒಂಬತ್ತು ಬರೆಸೋದಾ?"

"ನಾನು ಬರೆಸ್ಲಿಲ್ಲ. ಅವನ ಜೇಬಲ್ಲಿ ಕೀ ಸಿಕ್ಕಿದ್ದು ಪೊಲೀಸ್ರಿಗೆ, ನನಗಲ್ಲ. ಆ ಹಿಂಬಾಗಿಲ ಕೀ ಇಟ್ಕೊಳ್ಳೋನು ಅವನೇ. ಬಾಯಿ ಬಿಡ್ತಾ ಇಲ್ಲ ಅಂತೆ. ತಪ್ಪು ಮಾಡಿಲ್ಲ ಅಂದ್ರೆ ಯಾಕೆ ಸುಮ್ನಿರ್ತಾನೆ?"

ಇದೊಂದು ಮಾತು ಮಾತ್ರ ರುದ್ರಮ್ಮನವರ ಮನಸ್ಸಿನಲ್ಲಿ ಮುಳ್ಳಿನಂತೆ ನೆಟ್ಟಿತು. ಬಸಲಿಂಗ ಬಾಯಿ ಬಿಡುತ್ತಿಲ್ಲವೆಂದು ಇನ್‌ಸ್ಪೆಕ್ಟರ್ ಹನುಮಯ್ಯನವರೂ ಹೇಳಿದ್ದರು. ಹೆದರಿಕೆ ಎಂದು ರುದ್ರಮ್ಮ ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು.

"ಹೆಂಡ್ತಿ ಆದೋಳು ಮಧ್ಯೆ ಬಾಯಿ ಹಾಕ್ಬಾರ್ದು" ಎಂದು ಯಾರೂ ಹೇಳದಿದ್ದರೂ ತಾನೇ ಹೇಳಿಕೊಂಡು ಶೀತಲ್ ಮುಂದೆ ಬಂದಳು. "ಆದ್ರೂ ಹೇಳ್ತೀನಿ. ರೀ, ಆ ಫೋನ್ ವಿಷಯ ಮೇಡಂಗೆ ಹೇಳಿ."

"ಯಾವ ಫೋನು?" ಎಂದರು ರುದ್ರಮ್ಮ.

"ಏನಿಲ್ಲ" ಎಂದ ವಿಶ್ವನಾಥ್. "ವಿಡಿಯೋ ತೆಗೀರಿ ಅಂತ ದಿನಾ ಹತ್ತು ಜನ ಫೋನ್ ಮಾಡ್ತಾರೆ."

"ಅವನು ವಿಡಿಯೋ ತೆಗೀರಿ ಅನ್ಲಿಲ್ಲ" ಎಂದಳು ಶೀತಲ್. "ಒಂದೇ ಒಂದು ಫೋಟೋ ತೆಗೀರಿ ಅಂದ. ಬೀಗದ ಫೋಟೋ."

ರುದ್ರಮ್ಮ ನೆಟ್ಟಗೆ ಕೂತರು.

ವಿಶ್ವನಾಥ್ ಬಂದ ಕರೆಗಳನ್ನೆಲ್ಲ ದಾಖಲಿಸಿಟ್ಟುಕೊಳ್ಳುವವನು. ಒಲ್ಲದ ಮನಸ್ಸಿನಿಂದ ಹುಡುಕಿ ಕೇಳಿಸಿದ. ವಯಸ್ಸಾದ ಗಂಡಸಿನ ದನಿ, ಒಣಗಿದ ಗಂಟಲು. "ಸಾಹೇಬ್ರ, ಉಳದದ್ದೆಲ್ಲಾ ಇರ್ಲಿ. ಆ ಕೀಲಿ ಹಾಕಿದ ಫೋಟೋ ಒಂದ ತಗದಬಿಡ್ರಿ. ನಿಮ್ಮ ಕಾಲಿಗಿ ಬೀಳ್ತೀನಿ." ಅಷ್ಟೆ. ಕರೆ ಕಡಿದುಹೋಯಿತು. ಆ ನಂಬರಿಗೆ ರುದ್ರಮ್ಮ ಕರೆ ಮಾಡಿದಾಗ ಅದು ಸ್ವಿಚ್ ಆಫ್ ಆಗಿತ್ತು.

"ಏನೋ ಮುಚ್ಚಿಡ್ತಾ ಇದಾರೆ ಅನ್ನಿಸ್ತು" ಎಂದ ವಿಶ್ವನಾಥ್. "ಅದಕ್ಕೇ ಆ ಫೋಟೋನೇ ದೊಡ್ಡದು ಮಾಡಿ ವಿಡಿಯೋ ಮುಖಕ್ಕೆ ಹಾಕ್ಬಿಟ್ಟೆ."

"ಎಲ್ಲಿ ಸಿಕ್ತು ಈ ಫೋಟೋ?"

"ಫ್ಯಾಕ್ಟರಿ ಓನರ್ ದೇವರಾಜ್ ಪೂಜೆ ಫೋಟೋಗಳನ್ನೆಲ್ಲ ಅವತ್ತು ಸ್ಟೇಟಸ್‌ಗೆ ಹಾಕಿದ್ರು. ಮೆಷಿನ್ನು, ಟೆಂಪೋ, ತಕ್ಕಡಿ, ಎಲ್ಲಾ. ಬೆಂಕಿ ಆದ್ಮೇಲೆ ತೆಗೆದ್ರು. ಅಷ್ಟರಲ್ಲಿ ನಮ್ಮ ಸಬ್‌ಸ್ಕ್ರೈಬರ್ ಒಬ್ಬ ಇಳಿಸ್ಕೊಂಡಿದ್ದ."

ಫೋಟೋ ಪರದೆಯ ಮೇಲೆ ಹರಡಿತು. ಹೊರಗಿನಿಂದ ತೆಗೆದ ಕಬ್ಬಿಣದ ಹಿಂಬಾಗಿಲು. ಚಿಲಕಕ್ಕೆ ಒಂದು ಹಿತ್ತಾಳೆ ಬೀಗ, ಗಟ್ಟಿಯಾಗಿ ಹಾಕಿದ್ದು. ಬೀಗಕ್ಕೆ ಚೆಂಡು ಹೂವು, ಅದರ ಮೈಮೇಲೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ. ಬೆಂಕಿಯ ನಂತರ ಈ ಬೀಗ ಸಿಕ್ಕಿರಲಿಲ್ಲ. ಅಗ್ನಿಶಾಮಕದವರು ಬಾಗಿಲು ಒಡೆಯುವ ಗಡಿಬಿಡಿಯಲ್ಲಿ ಅದು ಅವಶೇಷಗಳ ರಾಶಿಯಲ್ಲಿ ಎಲ್ಲೋ ಸೇರಿಹೋಗಿತ್ತು. ಅಂದರೆ ಆ ಬೀಗ ಈಗ ಉಳಿದಿರುವುದು ಈ ಫೋಟೋದಲ್ಲಿ ಮಾತ್ರ.

"ಹದಿನಾರನೇ ಕಾಕತಾಳೀಯ" ಎಂದ ವಿಶ್ವನಾಥ್, ಹಳೆಯ ಉಮೇದು ತುಸು ಮರಳಿತ್ತು. "ಬೀಗದ ಕೆಳಗಡೆ ನಂಬರ್ ಕೆತ್ತಿದೆ ನೋಡಿ. ನಾಲ್ಕು, ಮೂರು, ಆರು, ಐದು. ಕೂಡಿದ್ರೆ ಹದಿನೆಂಟು. ಒಂದು, ಎಂಟು..."

"ತಡೀರಿ."

ರುದ್ರಮ್ಮ ಕೈಚೀಲದಿಂದ ಪುಟ್ಟ ಡೈರಿ ತೆಗೆದರು. ಹನುಮಯ್ಯ ಹಳೆಯ ಪರಿಚಯದ ಸಲಿಗೆಯಿಂದ ನಿನ್ನೆ ಫೋನಿನಲ್ಲಿ ಮಹಜರು ಓದಿ ಹೇಳಿದ್ದನ್ನು ಅವರು ಹಾಗೇ ಬರೆದುಕೊಂಡಿದ್ದರು. ಆರೋಪಿಯ ಪ್ಯಾಂಟಿನ ಬಲ ಜೇಬಿನಲ್ಲಿ ದೊರೆತ ಕೀಲಿಕೈ ಒಂದು, ಅದರ ಮೇಲಿನ ಸಂಖ್ಯೆ 2917.

"ಎರಡು, ಒಂಬತ್ತು, ಒಂದು, ಏಳು" ಎಂದರು. "ಕೂಡಿ."

"ಹತ್ತೊಂಬತ್ತು. ಒಂದು, ಒಂಬತ್ತು, ಹತ್ತು. ಅಂದ್ರೆ... ಒಂದು." ವಿಶ್ವನಾಥ್ ತಲೆ ಕೆರೆದುಕೊಂಡ. "ಒಂಬತ್ತಾಗಲ್ವಲ್ಲ. ಏನಿದು?"

"ಬಸಲಿಂಗನ ಜೇಬಲ್ಲಿ ಸಿಕ್ಕಿದ ಕೀ ನಂಬರು."

"ಅದಕ್ಕೇನು?"

"ಅಯ್ಯೋ ಮಹರಾಯ! ಬೀಗ ತಗೊಂಡಿಲ್ವಾ ಯಾವತ್ತೂ? ಬೀಗದ ಮೇಲೆ ಯಾವ ನಂಬರ್ ಇರತ್ತೋ ಅದರ ಕೀ ಮೇಲೂ ಅದೇ ನಂಬರ್ ಇರತ್ತೆ. ಅದಕ್ಕೇ ಕಣ್ರೀ ಆ ನಂಬರ್ ಕೆತ್ತೋದು. ನೀವು ಕೂಡ್ಲಿ ಅಂತ ಅಲ್ಲ!"

ವಿಶ್ವನಾಥ್ ಬೀಗವನ್ನು ನೋಡಿದ, ಡೈರಿ ನೋಡಿದ, ಮತ್ತೆ ಬೀಗ ನೋಡಿದ. ಆರು ದಿನದಿಂದ ಆ ನಾಲ್ಕು ಅಂಕಿಗಳು ಅವನ ಕಣ್ಣೆದುರೇ ಇದ್ದವು. ಎಲ್ಲ ಅರ್ಥಗಳನ್ನೂ ಹುಡುಕಿದ್ದ, ಇದ್ದ ಅರ್ಥವೊಂದನ್ನು ಬಿಟ್ಟು.

"ಅಂದ್ರೆ ಅವನ ಹತ್ರ ಇದ್ದ ಕೀ..."

"ಈ ಬೀಗದ್ದಲ್ಲ. ಇದು ಪೂಜೆಗೆ ಅಂತ ತಂದ ಹೊಸಾ ಬೀಗ. ಅವನ ಜೇಬಲ್ಲಿದ್ದಿದ್ದು ಹಳೇದರದ್ದು. ಆ ಫೋಟೋದು ಒಂದು ದೊಡ್ಡ ಪ್ರಿಂಟ್ ತೆಗೆದುಕೊಡಿ. ಆಮೇಲೆ ಆ ವಿಡಿಯೋ ತೆಗೆದುಹಾಕಿ."

"ತೆಗೀತಾರೆ ಮೇಡಂ" ಎಂದಳು ಶೀತಲ್, ಗಂಡನ ಮುಖವನ್ನೂ ನೋಡದೆ.

*

ಹನುಮಯ್ಯ ಫೋಟೋ ನೋಡಿ ಐದೇ ನಿಮಿಷದಲ್ಲಿ ತಿರುಗಿ ಫೋನು ಮಾಡಿದರು. ರುದ್ರಮ್ಮ ಆಗ ಕುಂದಲಹಳ್ಳಿ ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತುತ್ತಿದ್ದರು.

"ನನ್ನ ಕಾಲೇ ಮುರಿದ್ರಿ ಮೇಡಂ" ಎಂದರು ಇನ್‌ಸ್ಪೆಕ್ಟರ್. "ಕೀ ಬೇರೆ, ಬೀಗ ಬೇರೆ ಅಂದ್ರೆ ಕೇಸು ನಿಲ್ಲಲ್ಲ. ಆದ್ರೆ ಈ ಹುಡುಗ ಈಗ್ಲೂ ಒಂದ್ ಮಾತಾಡ್ತಿಲ್ಲ. ಹೊಸ ಬೀಗ ಯಾರು ಹಾಕಿದ್ರು ಅಂದ್ರೆ ನೆಲ ನೋಡ್ತಾನೆ. ಅವನ ಮಾವ ಬೇರೆ ನಿನ್ನೆಯಿಂದ ಸ್ಟೇಷನ್ ಮುಂದೆ ಕಲ್ಲಿನ ಮೇಲೆ ಕೂತಿದ್ದ. ಒಳಗೆ ಬಾರಪ್ಪ ಅಂದ್ರೆ ಬರಲ್ಲ, ಹೋಗಪ್ಪ ಅಂದ್ರೆ ಹೋಗಲ್ಲ. ಈಗ ಅರ್ಧ ಗಂಟೆ ಹಿಂದೆ ಎದ್ದು ಹೋದ."

"ಬಸಲಿಂಗನ್ನ ಬಿಡ್ತೀರಾ?"

"ನಾಲ್ಕು ಗಂಟೆವರೆಗೂ ನೋಡ್ತೀನಿ. ಹೊಸ ಬೀಗದ ಕೀ ಯಾರ ಹತ್ರ ಇದೆ ಅಂತ ಗೊತ್ತಾಗ್ಬೇಕು. ಅದಿರೋನೇ ನನ್ನ ಆರೋಪಿ."

ರೈಲಿನಲ್ಲಿ ಕೂತು ರುದ್ರಮ್ಮ ಪ್ರಿಂಟನ್ನು ತೊಡೆಯ ಮೇಲೆ ಹರಡಿ ಭೂತಗನ್ನಡಿ ತೆಗೆದರು. ಪಕ್ಕದಲ್ಲಿದ್ದ ಐಡಿ ಕಾರ್ಡಿನ ಹುಡುಗಿ ಸ್ವಲ್ಪ ಸರಿದು ಕೂತಳು. ಇವರಿಗೆ ಅದರ ಪರಿವೆಯಿರಲಿಲ್ಲ. ಮೂವತ್ತಮೂರು ವರ್ಷದ ಅಭ್ಯಾಸ, ಬೆರಳು ಬಿದ್ದ ಜಾಗ ಕಂಡರೆ ಕಣ್ಣು ತಾನಾಗಿ ಕಿರಿದಾಗುತ್ತಿತ್ತು.

ವಿಭೂತಿಯ ಗೆರೆ ಎಂದರೆ ಬೆರಳಿನ ಗುರುತೇ. ಮೂರು ಬೆರಳು, ಮೂರು ಗೆರೆ. ಮೇಲಿನದು ತೋರುಬೆರಳು, ನಡುವಿನದು ನಡುಬೆರಳು, ಕೆಳಗಿನದು ಉಂಗುರದ ಬೆರಳು. ಮೇಲಿನ ಎರಡು ಗೆರೆಗಳು ಬೀಗದ ಈ ಅಂಚಿನಿಂದ ಆ ಅಂಚಿನವರೆಗೆ ತುಂಬಿಕೊಂಡಿದ್ದವು. ಕೆಳಗಿನದು ಹಾಗಿರಲಿಲ್ಲ. ಅದು ಬೀಗದ ಅರ್ಧದಿಂದ ಶುರುವಾಗಿತ್ತು.

ಬೆರಳು ಜಾರಿತೇ? ಅವರು ವಿಶ್ವನಾಥ್ ಕಳಿಸಿದ್ದ ದೇವರಾಜನ ಉಳಿದ ಫೋಟೋಗಳನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದರು. ತಕ್ಕಡಿಯ ಮೇಲೂ ಕೆಳಗಿನ ಗೆರೆ ಮೋಟು. ಟೆಂಪೋ ಬಾಗಿಲ ಮೇಲೂ ಮೋಟು. ಗಾಳಿ ಪಂಪಿನ ಮೇಲೂ ಮೋಟು. ಅವತ್ತು ಎಲ್ಲದಕ್ಕೂ ವಿಭೂತಿ ಹಚ್ಚಿದ್ದು ಒಂದೇ ಕೈ, ಆ ಕೈಯಲ್ಲಿ ಉಂಗುರದ ಬೆರಳಿಗೆ ತುದಿಯಿರಲಿಲ್ಲ.

ಪ್ರೆಸ್ ಮೆಷಿನ್ನು ಎಂದುಕೊಂಡರು ರುದ್ರಮ್ಮ. ತಗಡಿನ ಹಾಳೆ ಸರಿಸುವಾಗ ಒಂದು ಕ್ಷಣ ಕೈ ತಡವಾದರೆ ಸಾಕು. ಇಂಥ ಕೈಗಳ ಅಚ್ಚು ಎಷ್ಟೋ ತೆಗೆದಿದ್ದರು ಅವರು, ಕೆಲಸ ಕೇಳಿಕೊಂಡು ಬಂದವರದ್ದು, ಕಳ್ಳರದ್ದು, ಗುರುತು ಸಿಗದ ಹೆಣಗಳದ್ದು.

ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಿಸುವಾಗ ಅವರಿಗೆ ಬಸಲಿಂಗನ ಮೌನ ಮತ್ತೆ ಚುಚ್ಚಿತು. ಯಾರನ್ನೋ ಉಳಿಸಲು ಸುಮ್ಮನಿದ್ದಾನೆಯೇ? ಅಥವಾ ಮಾತಾಡಿದರೆ ತಾನೇ ಸಿಕ್ಕಿಬೀಳುತ್ತಾನೆಯೇ?

*

ಪೀಣ್ಯದ ಹಿಂಬದಿಯ ಆ ವಠಾರದಲ್ಲಿ ಸಾಲಾಗಿ ಹನ್ನೆರಡು ಕೋಣೆ. ಬಸಲಿಂಗನ ಬಾಗಿಲು ದೂರದಿಂದಲೇ ಗೊತ್ತಾಗುತ್ತಿತ್ತು. ಇದ್ದಲಿನ ಒಂಬತ್ತನ್ನು ತೊಳೆದಿದ್ದರು, ಆದರೆ ಪೂರ್ತಿ ಹೋಗಿರಲಿಲ್ಲ. ಅಕ್ಕಪಕ್ಕದ ಬಾಗಿಲುಗಳು ಹಗಲಿನಲ್ಲೂ ಮುಚ್ಚಿದ್ದವು.

"ಬರ್ರಿ ಅಕ್ಕಾರ" ಎಂದಳು ಮಹಾದೇವಿ. ಮುಖದಲ್ಲಿ ರಕ್ತವಿರಲಿಲ್ಲ. "ಏನಾತ್ರಿ? ಅವ್ರನ್ನ ಕೋರ್ಟಿಗಿ ಒಯ್ದ್ರ?"

"ಇಲ್ಲ ಕಣಮ್ಮ. ಒಯ್ಯೋದೂ ಇಲ್ಲ ಅಂತ ಕಾಣತ್ತೆ. ಅವನ ಜೇಬಲ್ಲಿ ಸಿಕ್ಕಿದ ಕೀಲಿಕೈ ಆ ಬಾಗಿಲ ಬೀಗದ್ದಲ್ಲ. ಬಾಗಿಲಿಗೆ ಹಾಕಿದ್ದು ಹೊಸಾದು."

ಮಹಾದೇವಿ ಗೋಡೆಗೆ ಒರಗಿ ನಿಧಾನವಾಗಿ ಕೂತಳು. ನಿನ್ನೆಯಿಂದ ಅಳದಿದ್ದವಳು ಈಗ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ರುದ್ರಮ್ಮನವರು ಅವಳ ಹೆಗಲ ಮೇಲೆ ಕೈಯಿಟ್ಟರು. ಇಂಥ ಒಂದು ಗಳಿಗೆಗಾಗಿಯೇ ತಾವು ಭೂತಗನ್ನಡಿ ಬಿಟ್ಟಿಲ್ಲ ಎಂದುಕೊಂಡರು.

"ಛಲೋ ಸುದ್ದಿ ತಂದ್ರಿ ತಾಯಿ" ಎಂದಿತು ಒಂದು ದನಿ.

ಮೂಲೆಯ ಚಾಪೆಯ ಮೇಲೆ ಮುದುಕನೊಬ್ಬ ಕೂತಿದ್ದ. ಒಳಗಿನ ಮಬ್ಬಿನಲ್ಲಿ ರುದ್ರಮ್ಮ ಅವನನ್ನು ಗಮನಿಸಿರಲಿಲ್ಲ. ಆದರೆ ದನಿಯನ್ನು ಅವರು ಬೆಳಿಗ್ಗೆಯೇ ಕೇಳಿದ್ದರು. ಒಣಗಿದ ಗಂಟಲು.

"ನಮ್ಮಪ್ಪಾರಿ, ಮಲಕಪ್ಪ ಅಂತ" ಎಂದಳು ಮಹಾದೇವಿ ಕಣ್ಣೊರೆಸಿಕೊಂಡು. "ನಿನ್ನಿಯಿಂದ ಟೇಸನ್ ಮುಂದ ಕುಂತಿದ್ದ. ಅದ ಫ್ಯಾಕ್ಟ್ರಿನ್ಯಾಗ ಹಿರೇ ಮನಶಾ."

ಮಲಕಪ್ಪ ಎದ್ದು ಗೋಡೆಯ ದೇವರ ಗೂಡಿನಿಂದ ವಿಭೂತಿ ಗಟ್ಟಿ ತಂದ. "ನಮ್ಮ ಮನಿಗಿ ಬಂದೀರಿ, ನಾವೇನು ಕೊಡಬೇಕು ನಿಮಗ" ಎನ್ನುತ್ತ ಮಗಳ ಹಣೆಗೆ ಮೂರು ಬೆರಳು ಎಳೆದ.

ಎರಡು ಗೆರೆ ಹಣೆಯ ಉದ್ದಕ್ಕೂ ಬಿದ್ದವು. ಮೂರನೆಯದು ಅರ್ಧದಿಂದ ಶುರುವಾಯಿತು.

ರುದ್ರಮ್ಮ ಆ ಹಣೆಯನ್ನೇ ನೋಡುತ್ತ ನಿಂತರು. ಮಲಕಪ್ಪ ಅವರ ಕಣ್ಣು ಹೋದ ಕಡೆ ನೋಡಿದ. ಆಮೇಲೆ ತನ್ನ ಕೈ ನೋಡಿಕೊಂಡ. ನಿಧಾನವಾಗಿ ಅದನ್ನು ಹೆಗಲ ಟವೆಲಿನಲ್ಲಿ ಸುತ್ತಿದ.

"ಬೀಗದ ಫೋಟೋ ತೆಗೀರಿ ಅಂತ ಫೋನ್ ಮಾಡಿದ್ದು ನೀವೇ ಅಲ್ವಾ?" ಎಂದರು ರುದ್ರಮ್ಮ, ಮೆತ್ತಗೆ.

ಮುದುಕ ತಪ್ಪಿಸಿಕೊಳ್ಳಲು ನೋಡಲಿಲ್ಲ. ಕುಸಿದು ಕೂತ.

"ನಾನ ರೀ. ಹೊಸಾ ಕೀಲಿ ನಾನ ತಂದದ್ದು, ನಾನ ಹಾಕಿದ್ದು. ಬಾಯಿ ತೆರದ ಕೀಲಿಗಿ ಪೂಜಿ ಮಾಡಬಾರ್ದರಿ ತಾಯಿ, ನಮ್ಮಪ್ಪನೂ ಹಂಗ ಮಾಡ್ತಿದ್ದ. ಹಾಕಿ, ಇಬತ್ತಿ ಹಚ್ಚಿ, ಕೈ ಮುಗದೆ. ಒಳಗ ಮಂದಿ ಪೂಜಿ ಊಟಕ್ಕ ಕುಂತಾರ ಅನ್ನೂದು ತಲಿಗೇ ಬರ್ಲಿಲ್ರಿ. ಮುಂದಿನ ಬಾಗಲಾ ಐತಲ್ಲ ಅಂದ್ಕೊಂಡೆ."

"ಅಪ್ಪಾ..." ಎಂದಳು ಮಹಾದೇವಿ.

"ನಿನ್ನಿ ಸಂಜಿಯಿಂದ ಟೇಸನ್ ಮುಂದ ಕುಂತೆ. ಒಳಗ ಹೋಗಿ ಹೇಳೂಣಂದ್ರ ಕಾಲು ಏಳಲಿಲ್ರಿ. ಸತ್ತಾವ್ರು ಐದೂ ಮಂದಿ ನಾ ಕೆಲಸಕ್ಕ ಹಚ್ಚಿದ ಹುಡುಗ್ರು." ಅವನ ದನಿ ಒಡೆಯಿತು. ಒಡೆದ ದನಿಯಲ್ಲೇ ಅವನು ತಲೆ ಎತ್ತಿದ. "ಆದ್ರ ಒಂದ ಮಾತು ಕೇಳ್ರಿ. ಹೊಸಾ ಕೀಲಿಕೈ ಎರಡೂ ನಾ ಹೊರಗಿನ ಆಫೀಸಿನ್ಯಾಗ ದೇವರ ಮುಂದ ತಾಟಿನ್ಯಾಗ ಇಟ್ಟಿದ್ದೆ. ಪೂಜಿಗಿ ಇಟ್ಟದ್ದು ಮರುದಿವ್ಸತನಕ ಯಾರೂ ಮುಟ್ಟಂಗಿಲ್ರಿ. ಬೆಂಕಿ ಬಿತ್ತು ಅಂದಕೂಡ್ಲೆ ಓಡಿ ಹೋಗಿ ತಾಟಿಗಿ ಕೈ ಹಾಕಿದೆ. ಹೂವಾ ಇತ್ತು, ಅಕ್ಕಿಕಾಳು ಇತ್ತು. ಕೀಲಿಕೈ ಇರ್ಲಿಲ್ರಿ."

"ಇರಲಿಲ್ವಾ?"

"ಯಾರೋ ಒಯ್ದಿದ್ರು. ಅವು ಇದ್ದಿದ್ರ ನಾ ಬಾಗಲಾ ತಗೀತಿದ್ದೆ. ಐದೂ ಮಂದಿ ಹೊರಗ ಬರ್ತಿದ್ರು."

ಮುದುಕನ ಮಾತಿನಲ್ಲಿ ಸುಳ್ಳಿನ ಎಳೆ ರುದ್ರಮ್ಮನವರಿಗೆ ಕಾಣಲಿಲ್ಲ. ಅಲ್ಲಿದ್ದವರೆಲ್ಲ ಪೂಜೆ ಬಲ್ಲವರು. ಪೂಜೆಗಿಟ್ಟ ತಟ್ಟೆಗೆ ಕೈ ಹಾಕಬಾರದೆಂದು ಚಿಕ್ಕ ಮಕ್ಕಳಿಗೂ ಗೊತ್ತು. ಆದರೂ ಕೈ ಹಾಕಿದವನು ಯಾರು? ಬೇಕೆಂದೇ ಹಾಕಿದನೇ?

ಮಹಾದೇವಿ ಎದ್ದಿದ್ದಳು. ಅವಳು ಎದ್ದ ರೀತಿ ರುದ್ರಮ್ಮನವರಿಗೆ ಹಿಡಿಸಲಿಲ್ಲ. ದೇವರ ಗೂಡಿಗೆ ಕೈ ಹಾಕಿ, ಬಾಡಿದ ಚೆಂಡು ಹೂವುಗಳನ್ನು ಸರಿಸಿ, ಏನೋ ಹಿಡಿದು ತಂದಳು. ಅಂಗೈ ಬಿಚ್ಚಿದಳು.

ಒಂದೇ ತಂತಿಗೆ ಪೋಣಿಸಿದ ಎರಡು ಹೊಸ ಕೀಲಿಕೈಗಳು, ಒಣಗಿದ ಕುಂಕುಮ ಮೆತ್ತಿದ್ದವು.

"ಇವೇನ್ರಿ ಅಕ್ಕಾರ?"

ರುದ್ರಮ್ಮ ಕುಂಕುಮವನ್ನು ಹೆಬ್ಬೆರಳಿನಿಂದ ಒರೆಸಿದರು. ನಾಲ್ಕು, ಮೂರು, ಆರು, ಐದು.

"ಎಲ್ಲಿಂದ ಬಂತು ಇದು?"

"ಪೂಜಿ ದಿವ್ಸ ಮಧ್ಯಾಹ್ನ ಅವ್ರು ತಂದ್ರಿ. ಮನಿ ದೇವರ ಮುಂದೂ ಒಂದ ತಾಸು ಇರ್ಲಿ, ಆಮ್ಯಾಲ ಒಯ್ತೀನಿ ಅಂದ್ರು. ಅಷ್ಟ್ರಾಗ ಬೆಂಕಿ ಬಿತ್ತು ಅಂತ ಚೀರಾಡೂದು ಕೇಳಿ ಓಡಿದ್ರು. ನಾ ಇದನ್ನ ಮರ್ತಬಿಟ್ಟಿದ್ದೆ."

ಮಲಕಪ್ಪನ ಬಾಯಿಂದ ಸಣ್ಣ ನರಳಿಕೆ ಹೊರಟಿತು. ರುದ್ರಮ್ಮನವರಿಗೆ ಮಾತ್ರ ಎದೆಯ ಭಾರ ಸ್ವಲ್ಪ ಇಳಿಯಿತು. ಭಕ್ತಿಯ ತಪ್ಪು. ಮಾವ ಹಾಕಿದ, ಅಳಿಯ ಒಯ್ದ, ಇಬ್ಬರೂ ದೇವರ ಹೆಸರಿನಲ್ಲಿ. ಇದನ್ನು ಹನುಮಯ್ಯನಿಗೆ ಬಿಡಿಸಿ ಹೇಳಬಹುದು. ಒಬ್ಬ ತಾಯಿಗೆ ಗುಂಡಿಯ ಮಾತು ಹೇಳಲಾಗದ ಹಾಗೆ ಇದನ್ನು ಹೇಳುವುದೂ ಕಷ್ಟವೇ, ಆದರೂ ಹೇಳಬಹುದು.

"ಇಷ್ಟೇ ತಾನೆ?" ಎಂದರು.

ಮಹಾದೇವಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

"ಮಹಾದೇವಿ?"

"ಯಾರ ಕೇಳಿದ್ರೂ ಇಲ್ಲಿ ಕೀಲಿಕೈ ಐತಿ ಅಂತ ಹೇಳಬ್ಯಾಡ ಅಂದಾರ್ರಿ."

"ಅದು ಪೊಲೀಸ್ರು ಹಿಡಿಯೋಕೆ ಬಂದಾಗ ಹೇಳಿದ್ದಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಮತ್ತೆ ಯಾವಾಗ?"

"ಗೂಡಿನ್ಯಾಗ ಇಡುವಾಗನ ಹೇಳಿದ್ರಿ. ಅವಾಗ ಇನ್ನಾ ಬೆಂಕಿ ಬಿದ್ದಿರ್ಲಿಲ್ಲ."

ಪೂಜೆಯ ತಟ್ಟೆ ಮುಟ್ಟಿದ್ದಕ್ಕೆ ಮಾವ ಬೈದಾನೆಂಬ ಹೆದರಿಕೆಯೇ? ಇರಬಹುದು. ರುದ್ರಮ್ಮನವರಿಗೆ ಅದನ್ನೇ ನಂಬುವ ಆಸೆಯಾಯಿತು. ಅಷ್ಟು ಆಸೆಯಾದದ್ದೇ ಅವರಿಗೆ ಭಯ ತಂದಿತು. ಬೇಕಾದ ಅರ್ಥವನ್ನು ಹುಡುಕಿಕೊಳ್ಳುವುದು ಎಷ್ಟು ಸುಲಭವೆಂದು ಅವರು ಬೆಳಿಗ್ಗೆಯಷ್ಟೇ ಆರನೇ ಮಹಡಿಯಲ್ಲಿ ನೋಡಿ ಬಂದಿದ್ದರು.

ಕೈಚೀಲದಲ್ಲಿ ಫೋನು ಹೊಡೆದುಕೊಂಡಿತು. ಹನುಮಯ್ಯ.

"ಎತ್ತಬ್ಯಾಡ್ರಿ ಅಕ್ಕಾರ" ಎಂದಳು ಮಹಾದೇವಿ. ಅವಳ ಹಣೆಯ ಮೋಟು ಗೆರೆ ಬೆವರಿನಲ್ಲಿ ಕರಗತೊಡಗಿತ್ತು.

ಮುದುಕ ಎರಡೂ ಕೈ ಜೋಡಿಸಿದ. ಟವೆಲು ಜಾರಿ ಬಿತ್ತು.

ರುದ್ರಮ್ಮ ಕೀಲಿಕೈಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. ಇನ್ನೊಂದು ಕೈಯಿಂದ ಫೋನು ಎತ್ತಿ ಕಿವಿಗಿಟ್ಟರು.

"ಮೇಡಂ, ಒಳ್ಳೇ ಸುದ್ದಿ" ಎಂದರು ಹನುಮಯ್ಯ. "ನಿಮ್ಮ ಹುಡುಗನ್ನ ಬಿಡೋಕೆ ಮೇಲಿನೋರು ಒಪ್ಪಿದ್ರು. ಕಾಗದ ಬರೀತಾ ಇದೀನಿ. ಕೊನೇದಾಗಿ ಒಂದೇ ಒಂದು ಸಾಲು ಖಾಲಿ ಇದೆ. ಆ ಹೊಸ ಬೀಗದ ಕೀ ಎಲ್ಲಿದೆ ಅಂತ ಏನಾದ್ರೂ ಗೊತ್ತಾಯ್ತಾ?"